ಜಾಲತಾಣದಲ್ಲಿ ಬಳಕೆದಾರನ ದೃಢೀಕರಣ: ಹೆಸರು, ಪುರಾವೆ, ಚೀಟಿ

ಮದರಾಸಿನ ರಾಯಪುರಂ ನಿಲ್ದಾಣದಿಂದ 1856ರಲ್ಲಿ ವಾಲಾಜಾ ರಸ್ತೆಯ ಕಡೆಗೆ ಹೊರಟ ಗಾಡಿಯೊಂದಿಗೆ ದಕ್ಷಿಣ ಭಾರತದಲ್ಲಿ ಪ್ರಯಾಣಿಕರ ರೈಲು ಸಂಚಾರವು ಆರಂಭವಾಯಿತು. ಇಂದು ಅದೇ ರಾಯಪುರಂನ ನಿವಾಸಿಯು ಮನೆಯಲ್ಲಿಯೇ ಕುಳಿತು ಜಾಲತಾಣದ ಮೂಲಕ ಆಸನವನ್ನು ಕಾಯ್ದಿರಿಸಬಲ್ಲನು. ಅಲ್ಲಿ ಕಿಟಕಿಯಾಚೆ ಗುಮಾಸ್ತನಿಲ್ಲ, ಮುಖಪರಿಚಯವೂ ಇಲ್ಲ. ಬಂದವನು ತಾನು ಹೇಳಿಕೊಳ್ಳುತ್ತಿರುವ ವ್ಯಕ್ತಿಯೇ ಹೌದೆ ಎಂಬುದನ್ನು ಯಂತ್ರವೇ ನಿರ್ಣಯಿಸಬೇಕು. ಈ ನಿರ್ಣಯಕ್ಕೆ ದೃಢೀಕರಣವೆಂದು ಹೆಸರು. ಅದು ತಪ್ಪಿದರೆ ಒಬ್ಬನ ಹಣ, ಪತ್ರವ್ಯವಹಾರ, ವೈಯಕ್ತಿಕ ವಿವರಗಳು ಮತ್ತೊಬ್ಬನ ವಶವಾಗುತ್ತವೆ.

ಕನ್ನಡ ಸಂಶೋಧನೆಗೆ ಈ ಪ್ರಶ್ನೆ ಹೊಸದೇನಲ್ಲ. 'ಕೂಡಲಸಂಗಮದೇವ' ಎಂಬ ಅಂಕಿತ ಕಂಡೊಡನೆ ವಚನವನ್ನು ಬಸವಣ್ಣನವರದೆಂದು ಗುರುತಿಸುವುದು ರೂಢಿ. ಆದರೆ ಅಂಕಿತವು ಎಲ್ಲರಿಗೂ ತಿಳಿದದ್ದು. ಅದನ್ನು ಯಾರು ಬೇಕಾದರೂ ಬಳಸಿ ಬರೆಯಬಹುದು. ಆದುದರಿಂದಲೇ ಸಂಪಾದಕರು ಹಸ್ತಪ್ರತಿ, ಭಾಷೆ, ಶೈಲಿಗಳನ್ನು ಪರಿಶೀಲಿಸಿ ಪ್ರಕ್ಷಿಪ್ತವನ್ನು ಬೇರ್ಪಡಿಸುತ್ತಾರೆ. ಬಳಕೆದಾರನ ಹೆಸರು ಅಂಕಿತದಂತೆ ಗುರುತು ಮಾತ್ರ. ಪುರಾವೆಯನ್ನು ಪಾಸ್‌ವರ್ಡ್ ಅಥವಾ ಅಂತಹ ಬೇರೊಂದು ಸಾಧನ ಒದಗಿಸಬೇಕು.

ಈ ಪಾಸ್‌ವರ್ಡನ್ನು ಜಾಲತಾಣವು ಇದ್ದಂತೆಯೇ ಸಂಗ್ರಹಿಸಿಡಬಾರದು ಎಂಬುದು ಮೊದಲ ನಿಯಮ. ಅಮೆರಿಕದ ಎಂಐಟಿಯ ಗಣಕ ವ್ಯವಸ್ಥೆಯಲ್ಲಿ 1960ರ ದಶಕದಲ್ಲಿ ಎರಡು ಕಡತಗಳು ಅದಲುಬದಲಾಗಿ, ಪ್ರವೇಶಿಸಿದವರೆಲ್ಲರ ಮುಂದೆ ಸಕಲರ ಪಾಸ್‌ವರ್ಡ್‌ಗಳೂ ಪ್ರಕಟವಾಗಿದ್ದವು. ಇದಕ್ಕೆ ಪರಿಹಾರ ಹ್ಯಾಶ್ ಎಂಬ ಏಕಮುಖ ಗಣಿತಕ್ರಿಯೆ. ಪಾಸ್‌ವರ್ಡಿನಿಂದ ಹ್ಯಾಶನ್ನು ಪಡೆಯುವುದು ಸುಲಭ. ಹ್ಯಾಶಿನಿಂದ ಪಾಸ್‌ವರ್ಡನ್ನು ಮರಳಿ ಪಡೆಯಲು ಒಂದೊಂದೇ ಊಹೆಯನ್ನು ಪರೀಕ್ಷಿಸುತ್ತ ಹೋಗಬೇಕು. ತಾಣವು ಹ್ಯಾಶನ್ನು ಮಾತ್ರ ಇಟ್ಟುಕೊಂಡು, ಪ್ರತಿ ಪ್ರವೇಶದಲ್ಲಿಯೂ ಹೊಸದಾಗಿ ಲೆಕ್ಕ ಹಾಕಿ ಹೋಲಿಸುತ್ತದೆ.

ಇಷ್ಟೇ ಸಾಲದು. ಇಬ್ಬರು ಒಂದೇ ಪಾಸ್‌ವರ್ಡನ್ನು ಆಯ್ದುಕೊಂಡರೆ ಇಬ್ಬರ ಹ್ಯಾಶೂ ಒಂದೇ ಆಗುತ್ತದೆ. ಒಂದು ಊಹೆಯಿಂದ ಇಬ್ಬರೂ ಸಿಕ್ಕಿಬೀಳುತ್ತಾರೆ. ಅದಕ್ಕಾಗಿ ಪ್ರತಿಯೊಬ್ಬರಿಗೂ ಬೇರೆಬೇರೆಯಾದ ಯಾದೃಚ್ಛಿಕ ಅಕ್ಷರಗಳನ್ನು, ಅಂದರೆ 'ಸಾಲ್ಟ್' ಅನ್ನು, ಬೆರೆಸಬೇಕೆಂದು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು. ಈ ಎಚ್ಚರಿಕೆಯಿಲ್ಲದೆ ಇರಿಸಿದ್ದ ಲಿಂಕ್ಡ್‌ಇನ್ ತಾಣದ ಸುಮಾರು 65 ಲಕ್ಷ ಹ್ಯಾಶ್‌ಗಳು 2012ರಲ್ಲಿ ಬಯಲಾದವು. 2015ರ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಆಯ್ಕೆಯಾದ ಆರ್ಗಾನ್2 ವಿಧಾನವು ಲೆಕ್ಕಾಚಾರವನ್ನು ಬೇಕೆಂದೇ ನಿಧಾನವೂ ದುಬಾರಿಯೂ ಆಗಿಸಿ, ಊಹಿಸುವವನ ಶ್ರಮವನ್ನು ಹೆಚ್ಚಿಸುತ್ತದೆ.

ಪುರಾವೆ ಸರಿಯಾದ ಬಳಿಕ ತಾಣವು ಬಳಕೆದಾರನ ಬ್ರೌಸರಿಗೆ ಕುಕಿ ಎಂಬ ಚೀಟಿಯನ್ನು ಕೊಡುತ್ತದೆ. ಕಾಯ್ದಿರಿಸದ ರೈಲು ಚೀಟಿಯಂತೆ ಇದೂ ಹಿಡಿದವನ ಸ್ವತ್ತು. ಕದ್ದವನಿಗೆ ಪಾಸ್‌ವರ್ಡೇ ಬೇಕಿಲ್ಲ. ಆದುದರಿಂದ ಚೀಟಿಯ ಸಂಖ್ಯೆ ಊಹೆಗೆ ನಿಲುಕದಂತಿರಬೇಕು, ಎಚ್‌ಟಿಟಿಪಿಎಸ್ ಮಾರ್ಗದಲ್ಲಿ ಮಾತ್ರ ಸಂಚರಿಸಬೇಕು, ಪುಟದಲ್ಲಿ ನುಸುಳಿದ ಸ್ಕ್ರಿಪ್ಟ್‌ಗಳ ಓದಿಗೆ ಸಿಗಬಾರದು. ಬಳಕೆದಾರನು ನಿರ್ಗಮಿಸಿದೊಡನೆ ರದ್ದಾಗಬೇಕು. ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ನೀಡುವವರನ್ನು ತಡೆಯುವ ಏರ್ಪಾಡೂ ಅಗತ್ಯ.

ಪಾಸ್‌ವರ್ಡ್ ಒಂದನ್ನೇ ನಂಬದೆ ಎರಡನೆಯ ಸಾಕ್ಷಿಯನ್ನು ಕೇಳುವುದು ಮುಂದಿನ ಹೆಜ್ಜೆ. 2025ರ ಜುಲೈಯಲ್ಲಿ ಭಾರತೀಯ ರೈಲ್ವೆಯು ಜಾಲತಾಣದ ತತ್ಕಾಲ್ ಚೀಟಿಗಳಿಗೆ ಆಧಾರ್ ಆಧಾರಿತ ಓಟಿಪಿಯನ್ನು ಕಡ್ಡಾಯಗೊಳಿಸಿತು. ಆದರೆ ಅನ್ಯರಿಗೆ ಹೇಳಿಬಿಟ್ಟ ಓಟಿಪಿ ಸಾಕ್ಷಿಯಾಗಿ ಉಳಿಯದು. ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸಿದವನಿಗೆ ಒಂದು ತಾಣದ ಸೋರಿಕೆ ಎಲ್ಲ ತಾಣಗಳ ಸೋರಿಕೆಯೇ ಆಗುತ್ತದೆ. ತಾಣವನ್ನು ಕಟ್ಟುವವನು ತನ್ನ ಉಗ್ರಾಣ ಎಂದಾದರೊಂದು ದಿನ ಕಳುವಾದೀತೆಂದು ಭಾವಿಸಿಯೇ ಕಟ್ಟಬೇಕು. ಆ ದಿನವೂ ಬಳಕೆದಾರನ ಗುಟ್ಟು ಕಳ್ಳನಿಗೆ ಸುಲಭವಾಗಿ ದಕ್ಕದಂತೆ ನೋಡಿಕೊಳ್ಳುವುದೇ ದೃಢೀಕರಣ ವ್ಯವಸ್ಥೆಯ ನಿಜವಾದ ಹೊಣೆ.