ಪಾರ್ಕಿನ್ಸನ್ ರೋಗಿಗಳ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಪ್ರಮಾಣ

ಕ್ರಿಯಾಟಿನ್ ಕೈನೇಸ್ (ಸಿ.ಕೆ.) ಎಂಬ ಕಿಣ್ವವು ಮುಖ್ಯವಾಗಿ ಸ್ನಾಯುಗಳಲ್ಲಿದ್ದು, ಅವುಗಳಿಗೆ ಹಾನಿಯಾದಾಗ ರಕ್ತವನ್ನು ಸೇರುತ್ತದೆ. ಪಾರ್ಕಿನ್ಸನ್ ರೋಗವನ್ನು ಈ ಪರೀಕ್ಷೆಯಿಂದ ಪತ್ತೆ ಹಚ್ಚಲಾಗದು. ಬಿದ್ದು ಪೆಟ್ಟಾದವರಲ್ಲಿಯೂ, ಸ್ನಾಯುವಿಗೆ ಚುಚ್ಚುಮದ್ದು ಪಡೆದವರಲ್ಲಿಯೂ ಇದರ ಪ್ರಮಾಣ ಹೆಚ್ಚಬಹುದು. ಆದರೆ ಲೆವೊಡೋಪಾ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದ ಬಳಿಕ ತೀವ್ರ ಜ್ವರ, ಅತಿಯಾದ ಬಿಗಿತ ಹಾಗೂ ಮನಸ್ಸಿನ ಗೊಂದಲ ಕಾಣಿಸಿಕೊಂಡು ಸಿ.ಕೆ. ಏರಿದ್ದಲ್ಲಿ, ಅದು ಪ್ರಾಣಾಪಾಯದ ಸ್ಥಿತಿಯಾಗಿರಬಹುದು. ಇದನ್ನು ಸಾಮಾನ್ಯ ಜ್ವರವೆಂದೇ ಭಾವಿಸುವುದುಂಟು. ನಾಶವಾದ ಸ್ನಾಯುವಿನಿಂದ ಹೊರಬಂದ ಮಯೋಗ್ಲೋಬಿನ್ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಮೂತ್ರವು ಕಂದು ಬಣ್ಣಕ್ಕೆ ತಿರುಗಬಹುದು. ಇಂತಹ ರೋಗಿಯನ್ನು ರಕ್ತಪರೀಕ್ಷೆಯ ವರದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ದಾಖಲಿಸತಕ್ಕದ್ದು. ಮಾತ್ರೆ ಮುಗಿದಿದೆ, ಉಪವಾಸವಿದೆ, ಶಸ್ತ್ರಚಿಕಿತ್ಸೆಯಿದೆ ಎಂಬ ಕಾರಣಗಳಿಗಾಗಿ ವೈದ್ಯರ ಸಲಹೆಯಿಲ್ಲದೆ ಲೆವೊಡೋಪಾ ನಿಲ್ಲಿಸತಕ್ಕದ್ದಲ್ಲ. ನಿಲ್ಲಿಸಿದ್ದಲ್ಲಿ, ಯಾವ ದಿನದಿಂದ ಎಂಬುದನ್ನು ಔಷಧಿ ಚೀಟಿ ಸಹಿತ ಕರ್ತವ್ಯನಿರತ ವೈದ್ಯರಿಗೆ ಮೊದಲೇ ತಿಳಿಸುವುದು.