ನಾಡಿ ನಿಂತಿತು, ಹೃದಯ ನಿಲ್ಲಲಿಲ್ಲ

ನಮ್ಮ ಎದುರುಮನೆಯ ರಾಯರ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಪ್ರಾಣಾಯಾಮ ಮಾಡುವಾಗ ಹೃದಯವೂ ಮಿದುಳೂ ಹೇಗೆ ವರ್ತಿಸುತ್ತವೆ ಎಂಬುದು ಆಕೆ ಆರಿಸಿಕೊಂಡ ಪ್ರಬಂಧದ ವಿಷಯ. ಪ್ರಯೋಗಶಾಲೆಯ ಯಂತ್ರಗಳಿಗೆ ಲಕ್ಷಗಟ್ಟಲೆ ಬೆಲೆ; ಕಾಲೇಜಿನಲ್ಲಿ ಅಷ್ಟು ಹಣವಿಲ್ಲ. ರಾಯರು ಮಣಿಕಟ್ಟಿನ ಗಡಿಯಾರವನ್ನು ಬಿಚ್ಚಿ, "ಇದು ನಾಡಿಯನ್ನೂ ಎಣಿಸುತ್ತದೆ, ನಿದ್ರೆಯನ್ನೂ ಎಣಿಸುತ್ತದೆ. ಇದರಲ್ಲೇ ಅಳೆದುಕೊಳ್ಳಮ್ಮ" ಎಂದರು.

"ಅದು ಸರಿಯಾಗಿ ಎಣಿಸುತ್ತದೆಂದು ಹೇಳಿದವರು ಯಾರಪ್ಪ?"

"ಕಂಪೆನಿಯವರೇ ಹೇಳಿದ್ದಾರಲ್ಲ!"

ರಾಯರ ಉತ್ತರಕ್ಕೆ ನಾವೆಲ್ಲ ನಕ್ಕೆವು. ಆದರೆ ಹುಡುಗಿಯ ಪ್ರಶ್ನೆ ನಗುವಂಥದಲ್ಲ. ಇದೇ ಪ್ರಶ್ನೆ ಹಿಂದೊಮ್ಮೆ ನಮ್ಮ ನಾಡಿನ ಯೋಗಾಚಾರ್ಯರೊಬ್ಬರ ವಿಷಯದಲ್ಲಿಯೇ ಎದ್ದಿತ್ತು.

1935ರಲ್ಲಿ ಫ್ರಾನ್ಸಿನ ಹೃದ್ರೋಗತಜ್ಞೆ ತೆರೇಸ್ ಬ್ರಾಸ್ ಅವರು ಹೃದಯದ ವಿದ್ಯುತ್ತನ್ನು ಬರೆದುಕೊಳ್ಳುವ ಇ.ಸಿ.ಜಿ. ಯಂತ್ರವೊಂದನ್ನು ಹೊತ್ತು ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ಟಿ. ಕೃಷ್ಣಮಾಚಾರ್ಯರೂ ಒಬ್ಬರು. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ಆಚಾರ್ಯರು ಆಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದರು. ಬ್ರಾಸ್ ಪ್ರಕಟಿಸಿದ ಲೇಖವೊಂದರಲ್ಲಿ ಹೃದಯದ ವಿದ್ಯುತ್ತೂ ನಾಡಿಯ ಅಲೆಯೂ ಕೆಲವು ಸೆಕೆಂಡುಗಳ ಕಾಲ ಕುಗ್ಗಿ ಕುಗ್ಗಿ ಬಹುಮಟ್ಟಿಗೆ ಸೊನ್ನೆಗೆ ಇಳಿದಿದ್ದವು. ಯೋಗಿಗಳು ಹೃದಯವನ್ನು ನಿಲ್ಲಿಸಬಲ್ಲರೆಂಬ ಮಾತಿಗೆ ಯಂತ್ರದ ಸಾಕ್ಷ್ಯವೇ ದೊರಕಿದಂತಾಯಿತು.

ಮುಂದೆ ಅಮೆರಿಕದಿಂದ ಬಂದ ವೆಂಗರ್ ಮತ್ತು ಬಾಗ್ಚಿ ಎಂಬ ವಿಜ್ಞಾನಿಗಳು, ದೆಹಲಿಯ ಆನಂದ್ ಅವರೊಡನೆ ಸೇರಿ, ಆ ವೇಳೆಗೆ ಮದರಾಸಿನಲ್ಲಿ ನೆಲಸಿದ್ದ ಆಚಾರ್ಯರನ್ನೂ ಇತರ ಕೆಲವರನ್ನೂ ಮತ್ತೆ ಪರೀಕ್ಷಿಸಿದರು. ಅವರ ವರದಿ 1961ರಲ್ಲಿ ಪ್ರಕಟವಾಯಿತು. ಉಸಿರನ್ನು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಹಿಂದಿರುಗುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಕ್ಕದಷ್ಟು ಕ್ಷೀಣಿಸುತ್ತದೆ. ಸ್ನಾಯುಗಳ ಸದ್ದಿನಲ್ಲಿ ಹೃದಯದ ಸದ್ದು ಮುಳುಗಿಹೋಗುತ್ತದೆ. ಆದರೆ ಇ.ಸಿ.ಜಿ.ಯನ್ನು ಹಲವು ದಿಕ್ಕುಗಳಿಂದ ತೆಗೆದು ನೋಡಿದರೆ ಹೃದಯ ಬಡಿಯುತ್ತಲೇ ಇತ್ತು! ಬ್ರಾಸ್ ನೆಚ್ಚಿದ್ದು ಒಂದೇ ದಿಕ್ಕಿನ ಲೇಖವನ್ನು. ಪರೀಕ್ಷೆಗೊಳಗಾದ ಮತ್ತೊಬ್ಬರು ತಮ್ಮ ಹೃದಯದ ಗತಿಯನ್ನು ನಿಜವಾಗಿಯೇ ನಿಧಾನಗೊಳಿಸಿದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಈಗ ರಾಯರ ಗಡಿಯಾರಕ್ಕೆ ಬರೋಣ. ಅದರ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹಾಯ್ದು, ರಕ್ತದ ಏರಿಳಿತವನ್ನು ಹಿಡಿಯುತ್ತದೆ. ಎಂದರೆ ಅದು ನೋಡುವುದು ನಾಡಿಯನ್ನೇ ಹೊರತು ಹೃದಯದ ವಿದ್ಯುತ್ತನ್ನಲ್ಲ. ಸುಮ್ಮನೆ ಕುಳಿತವರ ನಿಮಿಷದ ಸರಾಸರಿಗೆ ಅದು ಸಾಕು. ಒಂದು ಬಡಿತಕ್ಕೂ ಮುಂದಿನದಕ್ಕೂ ಇರುವ ಅಂತರದ ಸೂಕ್ಷ್ಮ ವ್ಯತ್ಯಾಸ ಬೇಕೆನ್ನುವವರಿಗೆ, ಅದರಲ್ಲಿಯೂ ಕುಂಭಕದ ಸಮಯದಲ್ಲಿ, ಅದನ್ನು ನಂಬುವುದು ಕಷ್ಟ. ಎದೆಗೆ ಕಟ್ಟುವ ಪಟ್ಟಿಗಳು ವಿದ್ಯುತ್ತನ್ನೇ ಹಿಡಿಯುತ್ತವೆ. ಪೋಲಾರ್ ಎಚ್10 ಎಂಬ ಪಟ್ಟಿಯನ್ನು ವೈದ್ಯರು ಬಳಸುವ ಹೋಲ್ಟರ್ ಯಂತ್ರದೊಡನೆ ಏಕಕಾಲದಲ್ಲಿ ಕಟ್ಟಿ ನೋಡಿದ ವರದಿ 2019ರಲ್ಲಿ ಬಂದಿತು. ಬಡಿತಗಳ ಅಂತರವನ್ನು ಅದು ಹೋಲ್ಟರಿಗೆ ಸಮವಾಗಿ, ಬಿರುಸಾದ ವ್ಯಾಯಾಮದಲ್ಲಿ ಅದಕ್ಕಿಂತ ಮೇಲಾಗಿಯೇ ಹಿಡಿಯಿತು. ಬೆಲೆ ಕೆಲವು ಸಾವಿರ ರೂಪಾಯಿ ಮಾತ್ರ.

ಏಕಕಾಲದಲ್ಲಿ ಎಂಬ ಮಾತನ್ನು ವಾಚಕರು ಗಮನಿಸಬೇಕು. "ನಮ್ಮ ಯಂತ್ರಕ್ಕೂ ಆಸ್ಪತ್ರೆಯ ಯಂತ್ರಕ್ಕೂ ಬಹಳ ಹೊಂದಿಕೆಯಿದೆ" ಎಂದು ಮಾರುವವರು ಹೇಳುವುದುಂಟು. ಅಂಗಡಿಯ ತಕ್ಕಡಿ ಪ್ರತಿಸಲವೂ ಐವತ್ತು ಗ್ರಾಂ ಕಡಿಮೆಯನ್ನೇ ತೂಗಲಿ. ಸರಿಯಾದ ತಕ್ಕಡಿಯೊಡನೆ ಅದೂ ಏರುತ್ತದೆ, ಇಳಿಯುತ್ತದೆ. ನಷ್ಟ ಮಾತ್ರ ನಮಗೆ. ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಎತ್ತಿದ ಆಕ್ಷೇಪ ಇದೇ: ಎರಡು ಯಂತ್ರಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದಲ್ಲ, ಒಂದೊಂದು ಅಳತೆಯಲ್ಲಿ ಎಷ್ಟೆಷ್ಟು ಅಂತರವಿದೆ ಎಂದು ಕೇಳಬೇಕು.

ಮಿದುಳಿನ ವಿಷಯ ಇನ್ನೂ ತೊಡಕಿನದು. ಹಣೆಯ ಮೇಲೆ ಸಿಗುವ ವಿದ್ಯುತ್ತು ಅತ್ಯಲ್ಪ. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ಹೆಚ್ಚು ವಿದ್ಯುತ್ತು ಹುಟ್ಟುತ್ತದೆ. 1970ರ ದಶಕದಲ್ಲಿ ಕೆನಡಾದ ನರರೋಗತಜ್ಞ ಅಪ್ಟನ್ ಅವರು ತಿನ್ನುವ ಜೆಲ್ಲಿಯ ಮುದ್ದೆಗೆ ತಂತಿಗಳನ್ನು ಅಂಟಿಸಿದರು. ಸುತ್ತಲಿನ ಯಂತ್ರಗಳ ಮತ್ತು ಓಡಾಡುವವರ ದೆಸೆಯಿಂದ ಜೆಲ್ಲಿಯಲ್ಲಿಯೂ ಅಲೆಗಳು ಮೂಡಿದವು! ಆಟಕ್ಕೆಂದು ಮಾಡಿದ ಎಮೋಟಿವ್ ಎಪಾಕ್ ಎಂಬ ಹದಿನಾಲ್ಕು ವಿದ್ಯುದಗ್ರಗಳ ಶಿರಪಟ್ಟಿಯನ್ನು 2013ರಲ್ಲಿ ಪ್ರಯೋಗಶಾಲೆಯ ಇ.ಇ.ಜಿ.ಯೊಡನೆ ಒಂದೇ ತಲೆಗೆ ತೊಡಿಸಿ ಶಬ್ದಗಳನ್ನು ಕೇಳಿಸಿದರು. ದೊಡ್ಡ ಅಲೆಗಳು ತಾಳೆಯಾದವು. ಶಬ್ದದಲ್ಲಿ ಹಠಾತ್ತಾಗಿ ಆಗುವ ಬದಲಾವಣೆಗೆ ಮಿದುಳು ತೋರುವ ಚಿಕ್ಕ ಅಲೆಯ ವಿಷಯದಲ್ಲಿ ಅಷ್ಟು ಭರವಸೆ ದೊರೆಯಲಿಲ್ಲ. ಪರೀಕ್ಷಿತವೆಂಬ ಮುದ್ರೆ ಯಂತ್ರಕ್ಕೆ ಒಟ್ಟಾಗಿ ಬೀಳುವಂಥದಲ್ಲ. ಇಂಥ ಅಲೆಗೆ, ಇಂಥ ಸನ್ನಿವೇಶಕ್ಕೆ ಎಂದು ಬೀಳುವಂಥದು. ಓಪನ್‌ಬಿಸಿಐನಂತೆ ಯಂತ್ರದ ರಚನೆಯನ್ನೂ ಮೂಲ ಅಂಕಿಗಳನ್ನೂ ಬಿಚ್ಚಿ ಕೊಡುವವರಿದ್ದಾರೆ. ಮೂಲ ಅಂಕಿಗಳನ್ನು ಮುಚ್ಚಿಟ್ಟು "ಶಾಂತಿ ನೂರಕ್ಕೆ ಎಂಬತ್ತು" ಎಂದು ತೋರಿಸುವ ಯಂತ್ರವನ್ನು ಸಂಶೋಧನೆಗೆ ಕೊಳ್ಳದಿರುವುದೇ ಲೇಸು. ನಮ್ಮ ಮನೆಗಳಲ್ಲಿ ಮತ್ತೊಂದು ತೊಂದರೆಯುಂಟು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ವಿದ್ಯುದಗ್ರಕ್ಕೂ ಚರ್ಮಕ್ಕೂ ನಡುವೆ ತೆರೆ ಕಟ್ಟಿಬಿಡುತ್ತದೆ.

ಹುಡುಗಿ ಬಹಳ ಯೋಚಿಸಿ ಮಿದುಳಿನ ಭಾಗವನ್ನು ಪ್ರಬಂಧದಿಂದ ಕೈಬಿಟ್ಟಳು. ರಾಯರಿಗೆ ಬೇಸರವಾಯಿತು, ನನಗೆ ಸಂತೋಷವಾಯಿತು. ಎದೆಪಟ್ಟಿಯೊಂದನ್ನು ಕೊಂಡು, ಪರಿಚಯದ ವೈದ್ಯರನ್ನು ಬೇಡಿ, ಒಂದು ಮಧ್ಯಾಹ್ನದ ಮಟ್ಟಿಗೆ ಅವರ ಇ.ಸಿ.ಜಿ. ಯಂತ್ರವನ್ನು ಪಡೆದಳು. ಹತ್ತು ಜನರಿಗೆ ಎರಡನ್ನೂ ಒಟ್ಟಿಗೆ ಕಟ್ಟಿ, ಸಹಜ ಉಸಿರಾಟದಲ್ಲಿ ಐದು ನಿಮಿಷ ಅಳೆದು, ಆಮೇಲೆ ಕುಂಭಕದಲ್ಲಿಯೂ ಅಳೆಯುವುದೆಂದು ಗೊತ್ತಾಯಿತು. ಮೊದಲು ಕುಳಿತವರು ರಾಯರೇ. ಗಡಿಯಾರವನ್ನು ಬಿಚ್ಚಲು ಒಪ್ಪಲಿಲ್ಲ. ಅವರು ಮುಖ ಕೆಂಪಗಾಗುವಂತೆ ಉಸಿರು ಬಿಗಿಹಿಡಿದರು. ಇ.ಸಿ.ಜಿ.ಯ ಕಾಗದ ಎಂದಿನಂತೆ ಮೊನೆಗಳನ್ನು ಬರೆಯುತ್ತ ಹೊರಬಂದಿತು. ಗಡಿಯಾರದ ಮುಖದಲ್ಲಿ ಮಾತ್ರ ಅಂಕಿ ಮಾಯವಾಗಿ ಎರಡು ಅಡ್ಡಗೆರೆ ಉಳಿದಿದ್ದವು.