ಮರಗಣತಿಯ ಹಳೆಯ ಅಂಕಿಗಳ ಪರಿಷ್ಕರಣ

1975ರ ಮಹಾರಾಷ್ಟ್ರ ನಗರಪ್ರದೇಶ ವೃಕ್ಷ ಸಂರಕ್ಷಣಾ ಕಾಯಿದೆಯು ಐದು ವರ್ಷಗಳಿಗೊಮ್ಮೆ ಮರಗಳ ಗಣತಿ ನಡೆಯತಕ್ಕುದೆಂದು ವಿಧಿಸಿದೆ. ಪುಣೆಯ ಕೊಂಢವಾದಂತಹ ಬೆಳೆಯುವ ಬಡಾವಣೆಯಲ್ಲಿ ಒಂದೇ ಮರವನ್ನು ಬೇರೆ ಬೇರೆ ಕೈಗಳು ಅಳೆದಾಗ ಅಂಕಿಗಳು ಪರಸ್ಪರ ಹೊಂದದಿರುವುದು ಸಹಜವೇ. ಅಲ್ಲಿನ ರಸ್ತೆಬದಿಯ ಮಳೆಮರವೊಂದರ ಸುತ್ತಳತೆ ಮೂರು ಗಣತಿಗಳಲ್ಲಿ ಕ್ರಮವಾಗಿ 91, 69, 102 ಸೆಂಟಿಮೀಟರ್ ಎಂದು ದಾಖಲಾಗಿದೆಯೆಂದು ಭಾವಿಸೋಣ. ಮರವು ಕುಗ್ಗಿ ಮತ್ತೆ ಹಿಗ್ಗಿತೇ? ಬರೆದವನ ಕೈಯಲ್ಲಿ 96 ಎಂಬುದು ತಿರುಗಿ 69 ಆಗಿರಬೇಕು. ಈ ಊಹೆಗೆ ಬಲ ಬಂದುದು ಮೂರನೆಯ ಗಣತಿಯಿಂದ. ಎಂದರೆ ಹೊಸ ಅಳತೆಯೇ ಹಳೆಯದಕ್ಕೆ ಸಾಕ್ಷಿ. ಅಂತೆಯೇ ಒಮ್ಮೆ ‘ಸತ್ತಿದೆ’ ಎಂದು ಗುರುತಾದ ಮರವು ಮುಂದಿನ ಗಣತಿಯಲ್ಲಿ ಚಿಗುರಿ ನಿಂತಿದ್ದರೆ ಹಿಂದಿನ ಮರಣವನ್ನು ರದ್ದುಗೊಳಿಸಲೇಬೇಕು (ಅದೇ ಗುಣಿಯಲ್ಲಿ ನೆಟ್ಟ ಹೊಸ ಸಸಿಗೆ ಹಳೆಯ ಸಂಖ್ಯೆಯನ್ನು ಕೊಟ್ಟಿರದಿದ್ದರೆ ಮಾತ್ರ).

ಸಾವಿರಾರು ಮರಗಳಿರುವಲ್ಲಿ ಈ ಕೆಲಸಕ್ಕೆ ಗಣಕಯಂತ್ರವೇ ಬೇಕು. ‘ಆರ್’ ಮೊದಲಾದ ಗಣಕಭಾಷೆಗಳಲ್ಲಿ ಬರೆದ ಸೂಚನೆಗಳು ಮರದ ಸಂಖ್ಯೆಯ ಮೇರೆಗೆ ದಾಖಲೆಗಳನ್ನು ಜೋಡಿಸಿ, ಮಿತಿಮೀರಿದ ಏರಿಳಿತಗಳನ್ನು ಹೆಕ್ಕಿ ತೆಗೆಯುತ್ತವೆ. ಆದರೆ ತಿದ್ದಿದ ಅಂಕಿಯನ್ನು ಹಳೆಯದರ ಮೇಲೆಯೇ ಬರೆದುಬಿಡುವುದು ಅಕ್ಷಮ್ಯ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವನ್ನು ಕಂಡವರಿಗೆ ಈ ನಿಯಮ ಹೊಸದಲ್ಲ: ಅಂಗೀಕೃತ ಪಾಠ ಮೇಲೆ, ಪಾಠಾಂತರಗಳು ಪುಟದ ಅಡಿಯಲ್ಲಿ. ಇಲ್ಲಿಯೂ 69 ತನ್ನ ಸ್ಥಾನದಲ್ಲಿಯೇ ಉಳಿಯತಕ್ಕುದು. 96 ಬೇರೊಂದು ಅಂಕಣದಲ್ಲಿ, ತಿದ್ದಿದ ಕಾರಣ ಅದರ ಪಕ್ಕದಲ್ಲಿ.

ಎಲ್ಲ ಇಳಿತವೂ ತಪ್ಪಲ್ಲವೆಂಬುದೇ ಇಲ್ಲಿನ ನಿಜವಾದ ತೊಡಕು. ಬೇಸಗೆಯಲ್ಲಿ ಕಾಂಡವು ನೀರಾರಿ ಕಿಂಚಿತ್ತು ಕುಗ್ಗುವುದುಂಟು. ರಸ್ತೆಗೆ ಮಣ್ಣು ತುಂಬಿ ನೆಲವನ್ನು ಎತ್ತರಿಸಿದರೆ, ನೆಲದಿಂದ 1.37 ಮೀಟರ್ ಮೇಲಿರಬೇಕಾದ ಅಳತೆಯ ಗೆರೆಯೂ ಕಾಂಡದಲ್ಲಿ ಮೇಲಕ್ಕೆ ಸರಿದು ಮರ ಸಣ್ಣದಾಗಿ ತೋರುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದುದು ಮತ್ತೊಂದಿದೆ. ಟೇಪು ಹಿಡಿದ ಕೈ ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಮೆಯಾಗಿ ತಪ್ಪುತ್ತದೆ. ಹೆಚ್ಚಾದ ತಪ್ಪು ಬೆಳವಣಿಗೆಯ ವೇಷದಲ್ಲಿ ಮರೆಯಾಗುತ್ತದೆ. ಕಡಮೆಯಾದುದು ಮಾತ್ರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದುದನ್ನಷ್ಟೇ ತಿದ್ದಿದರೆ ಸರಾಸರಿ ಬೆಳವಣಿಗೆ ಸುಳ್ಳಾಗಿ ಉಬ್ಬುತ್ತದೆ. ಕೊಡಗಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1990ರಿಂದ ಇಪ್ಪತ್ತು ವರ್ಷಗಳ ಕಾಲ ಅವೇ ಮರಗಳನ್ನು ಮತ್ತೆ ಮತ್ತೆ ಅಳೆದರು. ಅಂತಹ ದಟ್ಟ ಕಾಡಿನ ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಮರದ ವಾರ್ಷಿಕ ಬೆಳವಣಿಗೆ ಅಳತೆಯ ತಪ್ಪಿನಷ್ಟೇ ಚಿಕ್ಕದಾಗಿರಬಹುದು.

ಆದುದರಿಂದ ಸಣ್ಣ ಇಳಿತಗಳನ್ನು ಮುಟ್ಟದೆ, ಅಳತೆಯ ತಪ್ಪಿನ ಮಿತಿಯನ್ನು ಮೀರಿದವುಗಳನ್ನು ಮಾತ್ರ ವಿಚಾರಣೆಗೆ ಎತ್ತಿಕೊಳ್ಳುವುದು ಯುಕ್ತ. ಸಂದೇಹ ಉಳಿದರೆ ಟೇಪು ಹಿಡಿದು ಮರದ ಬಳಿಗೇ ಹೋಗಬೇಕು. ಅಷ್ಟರಲ್ಲಿ ಮರವನ್ನು ಕಡಿದಿದ್ದರೆ ಆ ಅಂಕಿಯನ್ನು ಸಂದೇಹದ ಗುರುತಿನೊಡನೆ ಹಾಗೆಯೇ ಬಿಡಬೇಕು.